ಮೂರು ವ್ಯಾಟು ಬಾಕಿ

ಗೋವಾ ನಂಬರಿನ ಕಾರು,
ಮಿರ್ಜಾನಿನ ತಿರುವಿನಲ್ಲಿ ಮೂತಿ ಜಜ್ಜಿಕೊಂಡು
ಗುಜರಿಗೆ ಬಂದದ್ದು. ಸೀಟಿನ ಚರ್ಮ ಸುಲಿದರೆ ಒಳಗೆ
ಕೂತವರ ಬೆನ್ನು ಕಾಯಿಸುವ ತಂತಿಯ ಹಾಸು,
ಹೊಚ್ಚ ಹೊಸದು.
ಈ ಸೆಕೆಯ ಸೀಮೆಯಲ್ಲಿ
ಆ ಬಟನ್ ಒತ್ತುವ ಹುಚ್ಚು ಯಾರಿಗೆ?
ಎತ್ತಿಟ್ಟಿದ್ದೆ. ಯಾಕೆಂದು ಗೊತ್ತಿರಲಿಲ್ಲ.

ಪುಷ್ಯದ ಒಂದು ಮಧ್ಯಾಹ್ನ ಶೇವಂತಿ ಬಂದಳು,
ದೇವಿಮನೆ ಘಟ್ಟದಲ್ಲಿ ಬೆರಳು ಮರಗಟ್ಟಿ
ಬ್ರೇಕು ಹಿಡಿಯಲಾಗದೆ ಮೋರಿಗೆ ಗುದ್ದಿದ
ಮೊಪೆಡ್ಡು ತಳ್ಳಿಕೊಂಡು.

"ಎದೆಗೆ ಗಾಳಿ, ಬೆನ್ನಿಗೆ ಬರ್ಫು,
ನಡುವೆ ನಾನು. ನನ್ನೇ ಮಾರಬಹುದು ಪಾಸ್ಕಣ್ಣ,
ಎರಡು ದಿನ ಕೆಡೂದಿಲ್ಲ."

ತದಡಿಯಲ್ಲಿ ಮೂರಕ್ಕೆ ಬಂಗಡೆ ತುಂಬಿ
ಕತಗಾಲ ದಾಟಿ ಘಟ್ಟ ಹತ್ತಿ
ಬೆಳಕು ಹರಿಯುವಾಗ ಶಿರಸಿಯ ಓಣಿಯಲ್ಲಿ
ಅವಳ ಹಾರ್ನು ಕೇಳಬೇಕು. ತಡವಾದರೆ
ಅವರು ಕೋಳಿ ತರುತ್ತಾರೆ.

ಬೀಡಿಕಟ್ಟಿನ ಕಾಗದದ ಮೇಲೆ ಲೆಕ್ಕ ಬರೆದೆ.
ಮೊಪೆಡ್ಡಿನ ಕಾಯಿಲು ಧರ್ಮಛತ್ರವಲ್ಲ,
ಅದು ಹುಟ್ಟಿಸುವುದಕ್ಕೆಲ್ಲ ಆಗಲೇ ಒಡೆಯರಿದ್ದಾರೆ.
ದೀಪವೊಂದೇ ಮೂವತ್ತೈದು ವ್ಯಾಟು ಉಣ್ಣುತ್ತದೆ.
ತೆಗೆದು ಎಲ್‌ಇಡಿ ಹಾಕಿದರೆ ಹನ್ನೆರಡು.
ಉಳಿತಾಯ ಇಪ್ಪತ್ಮೂರು.
ಹಾಸು ಎರಡು, ತಲಾ ನಲವತ್ತು ಕೇಳುತ್ತವೆ,
ಕಾರಿನ ಮಕ್ಕಳಲ್ಲವೇ.
ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದೆ,
ಸಾಲಿನಲ್ಲಿ ನಿಲ್ಲಿಸಿದರೆ ಹಸಿವು ಇಳಿಯುತ್ತದೆ:
ಎರಡಕ್ಕೂ ಸೇರಿ ಇಪ್ಪತ್ತು.
ಮೂರು ವ್ಯಾಟು ಬಾಕಿ.
ಅದು ಹಾರ್ನಿಗಿರಲಿ ಅಂದಳು.
ಹಾರ್ನಿಗೆ ಅಷ್ಟು ಸಾಲದು. ನಾನು ಹೇಳಲಿಲ್ಲ.

ಒಳಗಿಟ್ಟು ಹೊಲಿಯಲು ಅವಳು ತಂದದ್ದು
ಸರ್ಕಾರ ಹಂಚಿದ ಲೈಫ್ ಜಾಕೆಟ್ಟು,
ಕಿತ್ತಳೆ ಬಣ್ಣದ್ದು. ಅವಳ ಗಂಡ ದೋಣಿಯಲ್ಲಿ
ಅದನ್ನು ತಲೆದಿಂಬು ಮಾಡಿಕೊಂಡಿದ್ದನಂತೆ.
"ಈಗ ಅವನಿಗೆ?"
"ಈಗ ಅವನಿಗೆ ಹಗ್ಗದ ಸಿಂಬೆ."

ತಂತಿ ಮಾತ್ರ ಬೋಟಿನದು, ತವರ ಬಳಿದದ್ದು.
ಬರಿ ತಾಮ್ರವನ್ನು ನಮ್ಮ ಗಾಳಿ
ಒಂದು ಮಳೆಗಾಲದಲ್ಲಿ ಪಾಚಿ ಮಾಡುತ್ತದೆ.
ಇಪ್ಪತ್ತು ವರ್ಷ ಟ್ರಾಲರುಗಳ ಹೊಟ್ಟೆಯಲ್ಲಿ ಅಂಗಾತ ಮಲಗಿ
ಕಲಿತದ್ದು ಇಷ್ಟು:
ಉಪ್ಪು ಬೆಸುಗೆಯ ವಿಳಾಸ ಕೇಳಿಕೊಂಡು ಬರುತ್ತದೆ.
ಗಂಟು ಗಂಟಿಗೂ ಗ್ರೀಸು. ಮೇಲೊಂದು ಕೊಳವೆ,
ಬೆಂಕಿಕಡ್ಡಿ ತೋರಿಸಿದರೆ ಕುಗ್ಗಿ ಅಪ್ಪಿಕೊಳ್ಳುವಂಥದ್ದು.
ಕೀಲಿ ತಿರುವಿದರೆ ಎಲ್ಲವೂ ಆರಬೇಕು.
ಬ್ಯಾಟರಿಯ ಪಕ್ಕದಲ್ಲೇ ಮೂರು ಆಂಪಿನ ಫ್ಯೂಸು,
ಸುಡುವುದಿದ್ದರೆ ಮೊದಲು ಅದು ಸುಡಲಿ.

ಮೂರು ದಿನ ತಿಣುಕಿದ್ದು ಪ್ಲಗ್ಗಿಗೆ.
ಗಾಡಿ ಹೊಂಡಕ್ಕೆ ಬಿದ್ದರೆ ಕಳಚಬಾರದು.
ಅವಳು ಬಿದ್ದರೆ ಕಳಚಬೇಕು.
ಹಿಡಿಯುವುದನ್ನೂ ಬಿಡುವುದನ್ನೂ
ಒಂದೇ ಹಿತ್ತಾಳೆ ಎಸಳಿಗೆ ಹೇಗೆ ಹೇಳಿಕೊಡುವುದು?
ಕೂದಲೆಳೆಯಷ್ಟು ಅಗಲಿಸಿ ಎಳೆದೆ,
ಬಿಗಿದು ಎಳೆದೆ, ಮತ್ತೆ ಅಗಲಿಸಿ.
ಯಾರ ಹಲ್ಲು ಕೀಳುತ್ತಿದ್ದೀರಿ ಅಂದಳು ನನ್ನ ಹೆಂಡತಿ.

ಮೊದಲ ದಿನ ಶಿರಸಿಯಲ್ಲಿ ಗಾಡಿ ನಿಲ್ಲಿಸಿ
ಮೀನು ಎಣಿಸಿಕೊಡಲು ಇಳಿದಳಂತೆ.
ಯಾರೋ ಸೆರಗು ಹಿಡಿದೆಳೆದಂತಾಯಿತು.
ತಿರುಗಿ ಬೈಯಲು ಬಾಯಿ ತೆರೆದಳು.
ಟಕ್.
ಗಾಡಿ ಕೈಬಿಟ್ಟಿತ್ತು.

"ಬಿಸಿ ಹೇಗಿತ್ತು?"
"ಬಿಸಿ ಅಂತ ಗೊತ್ತಾಗೂದಿಲ್ಲ.
ಚಳಿ ಎಲ್ಲಿ ಹೋಯ್ತು ಅಂತ ಹುಡುಕ್ತೆ ನಾನು."
ಕೊನೆಯ ಏರಿನಲ್ಲಿ ಇಂಜಿನ್ನು ಏದುಸಿರು ಬಿಟ್ಟು
ದೀಪ ಮಂಕಾಯಿತಂತೆ, ಎದುರು ಲಾರಿ,
ಜಾಕೆಟ್ಟಿನ ಸ್ವಿಚ್ಚು ಆರಿಸಿದಳಂತೆ.
ಆರಿಸಿದ ಮೇಲೂ ಎರಡು ತಿರುವಿನವರೆಗೆ
ಬೆನ್ನು ಬೆಚ್ಚಗಿತ್ತಂತೆ.

ಆ ಎರಡು ತಿರುವು ನನ್ನ ಲೆಕ್ಕದಲ್ಲಿರಲಿಲ್ಲ.

ಎರಡು ಫ್ಯೂಸು ಹೆಚ್ಚಿಗೆ ಕೊಟ್ಟೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.
ಮೀನಿನ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡ ಅಂದೆ.
ಹೂಂ ಅಂದಳು,
ಅಲ್ಲೇ ಇಟ್ಟಳು.