ಅರ್ಕಾವತ್ತು

ಬ್ಯಾಡಗಿ ತಹಶೀಲ್ದಾರ್ ಕಚೇರಿ ಎದುರಿಗೆ
ತಗಡಿನ ನೆರಳಾಗ ನನ್ನ ಟೈಪ್‌ರೈಟರು.
ಅರ್ಕಾವತ್ತಿನ ಕೀಲಿ ಮುರದು ಇಪ್ಪತ್ತು ವರ್ಷಾತು.
ಅಜಿ ಅಂತ ಹೊಡದು,
ಹಾಳಿ ಹೊರಗ ತಗದು,
ಪೆನ್ನಿಲೆ ಒಂಬತ್ತರಂಥಾ ಒಂದು ಕೊಂಡಿ ಹಾಕತೇನಿ.
ಆಗ ಅದು ಅರ್ಜಿ.

ಹುಸೇನಬಿ ಕರ್ಜಗಿದು ಏಳು ಬರದೇನಿ.
ಅರ್ಜಿಗೊಂದು ಕೊಂಡಿ, ಹೆಸರಿಗೊಂದು ಕೊಂಡಿ.
ಮೆಣಸಿನಕಾಯಿ ತೊಟ್ಟು ಮುರದು ಮುರದು
ಆಕಿ ಹೆಬ್ಬಟ್ಟು ಹಳ್ಳದ ಹರಳಿನಂಗ ನುಣ್ಣಗಾಗಿತ್ತು.
ಮಷೀನು ಕೆಂಪು ದೀಪ ಹಚ್ಚಿ ಒಲ್ಲೆ ಅಂತು.
ವಿಧವಾ ವೇತನ ನಿಂತಿತು.
"ಗಂಡ ಸತ್ತದ್ದಕ್ಕ ಕಾಗದ ಐತಿ,
ನಾ ಬದುಕಿದ್ದಕ್ಕ ಏನು ತರಲಿ?" ಅಂದ್ಲು.
ಅದನ್ನ ಹಂಗ ಹೊಡದೆ.

ಆರನೇದ್ದನ್ನ ಉಳವಪ್ಪನವರ ಕೈಯಾಗ ಕೊಟ್ಟೆ.
ಆಗ ಅವರು ನಮ್ಮ ಎಮ್ಮೆಲ್ಲೆ.
ಯಾರದೋ ಲಗ್ನದ ಪಂಗತಿಯಾಗ ಕುಂತಿದ್ರು,
ಎಡಗೈಲೆ ಇಸಗೊಂಡು ಕಿಸೆಕ್ಕ ಇಟ್ಟರು.
ತುಪ್ಪದ ಕಲೆ ಬಿತ್ತು.
ಹೋತು ಇದು ಅಂದ್ಕೊಂಡೆ.

ಊರಾಗ ಅವರಿಗೆ ಮೂಕಬಸವ ಅಂತಿದ್ರು.
ಟೀವಿಯಾಗ ಒಂದಿನ ಕಾಣಲಿಲ್ಲ,
ಮೈಕು ಕೊಟ್ರ ಹಿಂದಿನವರಿಗೆ ದಾಟಸತಿದ್ರು.
ಮುಂದಿನ ಸಲ ನಾನೂ ಬ್ಯಾರೇದವರಿಗೆ ಒತ್ತಿದೆ.
ಸೋತರು. ಮೂರು ವರ್ಷಕ್ಕ ತೀರಿಕೊಂಡರು.
ಪ್ಯಾಟಿ ಅರ್ಧ ದಿನ ಮುಚ್ಚಿತ್ತು.

ಮೊನ್ನೆ ಲೈಬ್ರರಿಯಾಗ, ಸೋರೋ ಮೂಲ್ಯಾಗ,
ಕಂದು ರಟ್ಟಿನ ವಿಧಾನಸಭಾ ನಡಾವಳಿ.
ಬೆನ್ನಿಗೆ ಹಚ್ಚಿದ ಚೀಟಿಯಾಗ
ಒಂದೂ ತಾರೀಖಿನ ಮುದ್ರಿ ಇಲ್ಲ.
ಉಳವಪ್ಪ ಅಂತ ಹುಡುಕಿದೆ.
ಐದು ವರ್ಷಕ್ಕ ಹನ್ನೊಂದು ಪುಟ.

ಮೋಟೆಬೆನ್ನೂರ ಕ್ರಾಸಿನಾಗ ಬಸ್ಸು ನಿಲ್ಲೂದಿಲ್ಲ.
ಉತ್ತರ: ಪರಿಶೀಲಿಸಲಾಗುವುದು.
ಆಸ್ಪತ್ರಿ:
"ಎಕ್ಸ್‌ರೇ ಯಂತ್ರ ಬಂದಿದೆ, ನಡೆಸುವವನು ಬಂದಿಲ್ಲ.
ಅದರ ಪೆಟ್ಟಿಗೆ ಮೇಲೆ ನರ್ಸಮ್ಮ ಬುತ್ತಿ ಇಡುತ್ತಾರೆ.
ನಮ್ಮ ಹೆಣ್ಣುಮಕ್ಕಳ ಕೆಮ್ಮು
ಕೇಳಿಸುತ್ತದೆ, ಯಾರಿಗೂ ಕಾಣುವುದಿಲ್ಲ."
(ಗಂಟೆ)

ಪುಟ ತಿರುವಿದೆ. ಕೈ ಅಲ್ಲೇ ನಿಂತಿತು.

"ಗಂಡ ಸತ್ತದ್ದಕ್ಕೆ ಕಾಗದ ಇದೆ,
ನಾನು ಬದುಕಿದ್ದಕ್ಕೆ ಏನು ತರಲಿ ಎಂದು
ನನ್ನ ಕ್ಷೇತ್ರದ ಒಬ್ಬ ಮಹಿಳೆ ಕೇಳುತ್ತಾಳೆ,
ಮಾನ್ಯ ಸಭಾಧ್ಯಕ್ಷರೇ."
(ನಗು)
ಯಾರು ನಕ್ಕರು ಅಂತ ಬರದಿಲ್ಲ.
"ನಗಬೇಡಿರಿ. ಅವಳ ಹೆಬ್ಬೆರಳಿನ ಗೆರೆಗಳು
ನಿಮ್ಮ ಮನೆಯ ಸಾರಿನಲ್ಲಿ ಹೋಗಿವೆ."
(ಗದ್ದಲ) (ಗಂಟೆ)
"ಉಳವಪ್ಪನವರೇ, ಕುಳಿತುಕೊಳ್ಳಿ."
"ಕೂಡುತ್ತೇನೆ. ಅವಳು ಹದಿನಾಲ್ಕು ತಿಂಗಳಿಂದ ನಿಂತಿದ್ದಾಳೆ."

ಎಲ್ಲಾ ಅರ್ಕಾವತ್ತು ಸರಿಯಾಗಿ ಬಿದ್ದಾವು ಅದರಾಗ.

ಆಮ್ಯಾಲೆ ಕಣ್ಣು ನೋಡೋ ಮಷೀನು ಬಂದದ್ದು ಖರೆ.
ಹುಸೇನಬಿ ಖಾತೆಕ್ಕ ರೊಕ್ಕ ಬಿದ್ದದ್ದು ಖರೆ,
ಮೂರು ತಿಂಗಳದ್ದು ಕಡಿಮಿ.
ನನ್ನ ಏಳನೇ ಅರ್ಜಿಯಿಂದ ಬಂತು ಅಂತ
ಎಷ್ಟು ಮಂದಿ ಮುಂದ ಹೇಳೇನಿ,
ಎಷ್ಟು ಚಹಾ ಕುಡದೇನಿ ಅದರ ಹೆಸರಿಲೆ.
ಎಕ್ಸ್‌ರೇ ಪೆಟಗಿ ಇನ್ನೂ ಬಿಚ್ಚಿಲ್ಲ.
ಬುತ್ತಿ ಈಗ ಬ್ಯಾರೆ ನರ್ಸಿಂದು.

ಪುಸ್ತಕ ಹೊತ್ತು ಮೆಣಸಿನಕಾಯಿ ಶೆಡ್ಡಿಗೆ ಹೋದೆ.
ಓದಿದೆ. ಆಕಿ ತೊಟ್ಟು ಮುರಿಯೂದು ಬಿಡಲಿಲ್ಲ.
"ನನ್ನ ಹೆಸರು ಐತೇನು?"
"ಒಬ್ಬ ಮಹಿಳೆ ಅಂತ ಐತಿ."
"ಹಂಗಾದ್ರ ಈ ಕರಿಯವ್ವಗೂ ನಡೀತದ.
ಆಕಿದೂ ಎಂಟು ತಿಂಗಳಾತು ಬಂದಿಲ್ಲ."
ಸೆರಗಿಗೆ ಕೈ ಒರಿಸಿ ಪುಸ್ತಕ ಇಸಗೊಂಡ್ಲು,
ಓದಾಕ ಬರದಾಕಿ, ಹೆಬ್ಬಟ್ಟಿಲೆ
ಸಾಲಿನ ಮ್ಯಾಲೆ ಸಾಲು ಸವರಿದ್ಲು,
(ನಗು) ಅನ್ನೋದರ ಮ್ಯಾಲೂ.

ಸರ್ಕಾರಿ ಪುಸ್ತಕದಾಗ ಗೀಚಬಾರದು.
ಅಂಚಿನ್ಯಾಗ ಗೀಚಿದೆ: ಹುಸೇನಬಿ ಕರ್ಜಗಿ.
ಕೊಂಡಿ ಸಹಿತ.

ವಾಪಸ್ ಕೊಟ್ಟಾಗ ಲೈಬ್ರರಿಯಾಂವ
ಪುಟ ಹರದಾವೇನಂತ ತಗದು ನೋಡಿ
ಮೂರು ಸಲ ಸೀನಿದ.
ಕಣ್ಣೀರು ಒರಿಸಿಕೋತ
ಮುದ್ರಿ ಒತ್ತಿದ ಚೀಟಿ ಮ್ಯಾಲೆ.