ಕಿರುಬೆರಳು

ಇಪ್ಪತ್ತಾರು ವರ್ಷ ಆ ಬೆರಳಿನ ಕೆಲಸ ನನಗೆ ಬಿದ್ದಿರಲಿಲ್ಲ.
ಎತ್ತುವವರು ಅವರು, ಹೂಂ ಅನ್ನುವವನು ನಾನು.
ವಿಕ್ರೋಳಿಯ ಮುನಿಸಿಪಾಲಿಟಿ ಶಾಲೆ, ಎರಡನೇ ಮಹಡಿ,
ಕನ್ನಡ ಮಾಧ್ಯಮ, ಐದನೇ ಇಯತ್ತೆ,
ಹಾಜರಿ ಹತ್ತೊಂಬತ್ತು.

ಈಗ ಮಗ್ಗಿಯ ನಡುವೆ ಸೀಮೆಸುಣ್ಣ ಕೆಳಗಿಟ್ಟು
ನಾನೇ ಹೊರಡುತ್ತೇನೆ.
ಏಳು ಮೂರ್ಲಿ ಇಪ್ಪತ್ತೊಂದು ಎನ್ನುವಾಗ ಹೋದವನು
ಕಾರಿಡಾರಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ,
ಪಕ್ಕದಲ್ಲಿ ತೊಟ್ಟಿಕ್ಕುವ ನಲ್ಲಿ.
ಅದಕ್ಕೂ ನನಗೂ ಒಂದೇ ರೋಗ:
ತಿರುಗಿಸಿದರೆ ಬರುವುದಿಲ್ಲ, ಕಟ್ಟಿದರೆ ನಿಲ್ಲುವುದಿಲ್ಲ.
ಮರಳುವಷ್ಟರಲ್ಲಿ ಮಗ್ಗಿ ಮುಗಿದು ಗಲಾಟೆ.

ಚಹಾ ಬಿಡಿ ಸಾಹೇಬರೇ, ಎಂದರು ಉರ್ದು ವಿಭಾಗದ ಅನ್ಸಾರಿ,
ತಮ್ಮ ಐದನೆಯ ಕಪ್ಪು ಊದುತ್ತ.
ಜವಾನ ಘಾಡಿಗಾಂವ್ಕರ್ ಬಾರ್ಲಿ ನೀರು ಹೇಳಿದ,
ನೀರು ಬೇಡವೆಂದೇ ಒದ್ದಾಡುವವನಿಗೆ.

ಆಮೇಲೆ ಒಂದು ದಿನ ಮುಂದಿನ ಬೆಂಚಿನ ಹುಲಿಗೆಮ್ಮ:
'ಸರ್ರ, ನೀವು ಹ್ವಾದ ಜಾಗಕ್ಕ ಇರುವಿ ಬರ್ತಾವೇನ್ರಿ?
ನಮ್ಮಪ್ಪಗ ಬರ್ತಿದ್ವು.'
ಯಾರೂ ನಗಲಿಲ್ಲ.
ಕ್ರಿಯಾಪದ ಭೂತಕಾಲದಲ್ಲಿತ್ತು.
ಅದನ್ನು ಕಲಿಸಿದವನು ನಾನೇ.

ಆ ರಾತ್ರಿ ಎರಡೂಮುಕ್ಕಾಲಿಗೆ
ಡೊಂಬಿವಲಿಯ ಒಂದು ಕೋಣೆಯ ಮನೆಯ ಬಚ್ಚಲಲ್ಲಿ
ಮೊಬೈಲಿನ ಬೆಳಕು ಹಿಡಿದು ಕುಕ್ಕುರುಗಾಲಲ್ಲಿ ಕೂತೆ.
'ಏನು ಹುಡುಕ್ತಿದ್ದೀರಿ?' ವಾರಿಜ, ಬಾಗಿಲ ಸಂದಿಯಿಂದ.
'ಇರುವೆ.'
'ಈಗಷ್ಟೇ ಹೋಗಿದ್ರಲ್ಲ?'
ಒಂದು ಜಿರಲೆ ಬಂತು, ಮೀಸೆ ಆಡಿಸಿತು,
ಸಿಹಿ ಕಹಿ ಏನೂ ಹೇಳದೆ ಹೋಯಿತು.

ಇರುವೆಯ ರಿಪೋರ್ಟು ನಡೆಯೋದಿಲ್ಲ, ಎಂದರು ಡಾಕ್ಟರ್ ಮಸುರೇಕರ್.
ರಕ್ತ ಕೊಡಿ, ಖಾಲಿ ಹೊಟ್ಟೆಯಲ್ಲಿ.
ಚೀಲದ ಕೆಳಗೆ ಒಂದು ಗ್ರಂಥಿಯಿದೆಯಂತೆ,
ನೆಲ್ಲಿಕಾಯಿಯಷ್ಟಿದ್ದದ್ದು, ಐವತ್ತಾಗುತ್ತಲೇ
ಫುಟ್‌ಪಾತಿಗೆ ಒಂದಡಿ ಮುಂದೆ ಬಂದ ಅಂಗಡಿಯ ಹಾಗೆ
ಯಾರ ಪರವಾನಗಿಯೂ ಇಲ್ಲದೆ ಬೆಳೆದು
ಇರುವ ಒಂದೇ ದಾರಿಯನ್ನು ಒತ್ತುತ್ತದಂತೆ.
ಅದೇ ಅಂತಲೂ ಅಲ್ಲ. ಬಿ.ಪಿ. ಮಾತ್ರೆ ಇರಬಹುದು,
ಚೀಲವೇ ಪುಕ್ಕಲಾಗಿರಬಹುದು. ಸಕ್ಕರೆಯೂ ಇರಬಹುದು.
'ಬರೀ ಹೆದರಿಕೆಗೂ ಆಗುತ್ತೆ ಮಾಸ್ತರರೇ.'
ಯಾವುದಕ್ಕೆ ಹೆದರಿಕೆ ಎಂದು ಅವರು ಕೇಳಲಿಲ್ಲ,
ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು,
ಎಲ್ಲರೂ ಬಾಗಿಲ ಹತ್ತಿರದ ಕುರ್ಚಿಗೇ ಕಣ್ಣಿಟ್ಟು.

ಈಗಷ್ಟೇ ಹೋಗಿದ್ರಲ್ಲ.
ಆ ಮಾತು ನನ್ನದೇ.
ಕೆಲಸಕ್ಕೆ ಸೇರಿದ ಮೂರನೇ ವರ್ಷ, ಇಸ್ಮಾಯಿಲ್ ನದಾಫ,
ಎರಡು ಸಲ ಎತ್ತಿದ್ದ ಬೆರಳು. 'ಈಗಷ್ಟೇ ಹೋಗಿದ್ದೆಯಲ್ಲ, ಕೂತ್ಕೋ,
ಪಾಠ ಮುಗೀಲಿ.'
ನದಿಗಳ ಪಾಠ. ಭೀಮೆಯನ್ನು ಕೃಷ್ಣೆಗೆ ಸೇರಿಸುತ್ತಿದ್ದೆ
ನಕಾಶೆಯ ಮೇಲೆ ಕೋಲಿಟ್ಟು.
ತಿರುಗಿದಾಗ ಅವನು ಪಾಟಿಚೀಲವನ್ನು ತೊಡೆಗೆಳೆದುಕೊಂಡಿದ್ದ.
ಬೆಂಚಿನ ಕೆಳಗೆ ಸಣ್ಣಗೆ ಒಂದು ಗೆರೆ
ನನ್ನ ಮೇಜಿನ ಕಡೆಗೇ ಬರುತ್ತಿತ್ತು.
ನೋಡಿದೆ. ನೋಡಿ
ತುಂಗಭದ್ರೆಗೆ ಹೋದೆ.

ಇವತ್ತು ಬೆಳಿಗ್ಗೆ ಲೋಕಲ್ಲು
ದಿವಾ ದಾಟಿ ಮುಂಬ್ರಾ ಬರುವ ಮೊದಲೇ ನಿಂತುಬಿಟ್ಟಿದೆ.
ಸಿಗ್ನಲ್ಲಂತೆ. ಹದಿನೇಳು ನಿಮಿಷ.
ಜೇಬಿನಲ್ಲಿ ಇನ್ನೂ ಒಡೆಯದ ರಿಪೋರ್ಟಿನ ಲಕೋಟೆ,
ಕಿಟಕಿಯಾಚೆ ಭರತದ ಖಾಡಿ, ಎಷ್ಟೊಂದು ನೀರು,
ಅವಸರವೇ ಇಲ್ಲ ಅದಕ್ಕೆ.
ಮೇಲಿನ ಹಿಡಿಗೆ ಜೋತ ನನ್ನ ಮುಷ್ಟಿಯಿಂದ
ಕಿರುಬೆರಳೊಂದು ತಾನಾಗಿ ಎದ್ದು ನಿಂತಿದೆ,
ಯಾರನ್ನು ಕೇಳುವುದೋ ತಿಳಿಯದೆ.

ಎದುರು ಕೂತವನು, ನನ್ನದೇ ವಯಸ್ಸು,
ಅದನ್ನೊಮ್ಮೆ ನೋಡಿದ.
ಕಾಲ ಮೇಲಿನ ಕಾಲನ್ನು
ನಿಧಾನ ಅದಲುಬದಲು ಮಾಡಿದ.