ಎರಡೆಳೆ

ಕಾಮಾಕ್ಷಿಪಾಳ್ಯದ ಲೇತುಗಳೆಲ್ಲ ನಿಂತ ಮೇಲೇ
ನನ್ನ ಕೆಲಸ ಶುರು.
ಹಗಲು ಆಗದು; ಕೆಳಗಿನ ಶೆಡ್ಡಲ್ಲಿ ಲಿಂಗಾಚಾರಿ
ಕಬ್ಬಿಣಕ್ಕೆ ಟೂಲು ಕೊಟ್ಟಾಗಲೆಲ್ಲ
ನಮ್ಮನೆ ಬಲ್ಬು ರೆಪ್ಪೆ ಬಡಿಯುತ್ತದೆ.

ರಾತ್ರಿ ಒಂದೂವರೆ. ಡಿಲೀಟ್ ಕೀ ಒತ್ತಿ ಒತ್ತಿ
ವಿಂಡೋಸ್ ಕಣ್ಣು ಬಿಡುವ ಮುಂಚೆ
ಬಯೋಸಿನೊಳಗೆ ನುಗ್ಗುತ್ತೇನೆ.
ಎಸ್‌ಪಿ ರೋಡಿನ ಜಬೀವುಲ್ಲಾ
ಹಳೇ ಬೋರ್ಡು ಪೇಪರಲ್ಲಿ ಸುತ್ತಿಕೊಡುವಾಗ ಹೇಳಿದ್ದ:
"ಇದು ಎಳೆಯುತ್ತೆ ಮೇಡಂ, ಆದ್ರೆ ಮೂಗುದಾರ ಬಿಡ್ಬೇಡಿ."

ನಲವತ್ತೈದನ್ನು ನಲವತ್ತೇಳು ಮಾಡಿದೆ.
ಒಂದು ಪಾಯಿಂಟ್ ಎರಡು ಐದು ವೋಲ್ಟು.
ನೂರರಲ್ಲಿ ಒಂದು ಪಾಲು ಏರಿಸಿ, ಸೇವ್ ಮಾಡಿ, ಹೊರಬಂದು
ಟೆಸ್ಟು ಹಚ್ಚಿ ಉಗುರು ಕಚ್ಚುತ್ತ ಕೂತೆ.
ಹತ್ತು ನಿಮಿಷ ನಿಂತಿತು. ಹನ್ನೊಂದಕ್ಕೆ ಬಿತ್ತು.
ಇನ್ನೊಂದು ಪಾಲು.
ಸಾರಿಗೆ ಉಪ್ಪು ಹೆಚ್ಚಾದರೆ ನೀರು ಸುರಿಯಬಹುದು.
ಸುಟ್ಟ ಚಿಪ್ಪಿಗೆ?

ಗ್ರಾಫಿಕ್ಸ್ ಕಾರ್ಡಿನದು ಬೇರೆಯೇ ಜಾತಕ.
ಪವರ್ ಲಿಮಿಟ್ಟನ್ನು ನೂರಹತ್ತಕ್ಕೆ ತಳ್ಳಿದ್ದೇ ತಡ
ಕಾಯಿಲು ಕೊಂಯ್ ಎಂದಿತು, ಫ್ಯಾನು
ಸುಮ್ಮನಹಳ್ಳಿ ಫ್ಲೈಓವರ್ ಹತ್ತುವ ತುಂಬಿದ ಬಸ್ಸು.
ಡಿಸೆಂಬರ್ ನನ್ನ ಕಡೆಗಿದೆ ಅಂದುಕೊಂಡು
ಕಿಟಕಿ ತೆಗೆದೆ, ಡಬ್ಬಿಯ ಪಕ್ಕೆ ಬಿಚ್ಚಿದೆ,
ಬೀದಿಯ ಚಳಿಯನ್ನೆಲ್ಲ ಒಳಗೆ ಕರೆದೆ.
ಎಂಬತ್ತೆಂಟು ಡಿಗ್ರಿ.
ತೊಂಬತ್ತೊಂದು.
ಪರದೆ ಕಪ್ಪು.

ಒಳಕೋಣೆಯಲ್ಲಿ ಲೈಟು ಹತ್ತಿತು.
ಅಪ್ಪ. ಮೂವತ್ತೊಂದು ವರ್ಷ ಲೈನ್‌ಮನ್.
ಬೆಸ್ಕಾಂ ಅನ್ನೋ ಹೆಸರು ಇನ್ನೂ ಬಾಯಿಗೆ ಹತ್ತಿಲ್ಲ, ಕೆಇಬಿ ಅಂತಲೇ ಅನ್ನುವುದು.
ಮಂಕಿ ಟೋಪಿಯಲ್ಲಿ ಬಂದು, ಏನೂ ಕೇಳದೆ
ಗೋಡೆಯ ಪ್ಲಗ್ಗಿಗೆ ಬೆರಳ ಬೆನ್ನು ತಾಗಿಸಿದ.
ಅಂಗೈಯಲ್ಲ. ಕರೆಂಟು ಹೊಡೆದರೆ ಅಂಗೈ ಹಿಡಿದುಕೊಂಡುಬಿಡುತ್ತದೆ.
"ಬೆಚ್ಚಗಿದೆ. ಎಷ್ಟು ಎಳೀತಿದೀಯ?"
ಹೇಳಿದೆ.
"ಸಿಗೋದೇನು?"
"ಸೆಕೆಂಡಿಗೆ ಏಳು ಫ್ರೇಮು ಜಾಸ್ತಿ."
"ಕಣ್ಣಿಗೆ ಕಾಣುತ್ತಾ?"
"ಇಲ್ಲ."

ಬೈಯುತ್ತಾನೆ ಅಂದುಕೊಂಡೆ. ಸ್ಟೂಲು ಎಳೆದು ಕೂತ.
ಯಾವುದೋ ಫೈನಲ್ ಮ್ಯಾಚಂತೆ. ಮೂರು ಸಲ ಫ್ಯೂಸು ಹಾರಿ
ಇಡೀ ಬೀದಿ ಕಂಬದ ಕೆಳಗೆ ನಿಂತು ಕೂಗುತ್ತಿದ್ದಾಗ
ಒಂದೆಳೆ ತಂತಿಯ ಜಾಗದಲ್ಲಿ
ಎರಡೆಳೆ ಹೊಸೆದು ಹಾಕಿದನಂತೆ.
ಗೆದ್ದವರು ಯಾರೋ ಅವನಿಗೆ ಗೊತ್ತಿಲ್ಲ.
ಕೊನೇ ಓವರಿನ ತನಕ ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಕೂತು
ಅದರ ಗುಂಯ್‌ಗಾಟ ಕೇಳುತ್ತಿದ್ದನಂತೆ.
ಬೆಳಗ್ಗೆ ಎಂಜಿನಿಯರ್ ಬರುವ ಮುಂಚೆ ಒಂದೆಳೆ ಬಿಚ್ಚಿದ.
"ಬಿಚ್ಚೋದು ಮರೀಬಾರದು. ಅಷ್ಟೇ."

ಪ್ಲಗ್ಗು ಕಿತ್ತು, ಬೋರ್ಡಿನ ನಾಣ್ಯದಂಥ ಸೆಲ್ಲನ್ನು
ಉಗುರಿನಿಂದ ಎಬ್ಬಿಸಿದೆ; ಕಲಿಸಿದ್ದನ್ನೆಲ್ಲ ಮರೆಯಲಿ.
ಅಪ್ಪ ಅದನ್ನು ಅಂಗೈಯಲ್ಲಿಟ್ಟು ತೂಗಿದ.
"ಇಷ್ಟರ ಮೇಲೆ ಇದರ ನೆನಪೆಲ್ಲ ನಿಂತಿರೋದಾ?"

ಈಗ ಮೂರು ಗಂಟೆ. ನಲವತ್ತಾರು. ಗಡಿಯಾರ ಮತ್ತೆ ಹೊಂದಿಸಿದ್ದೇನೆ.
ಅವನು ಟೋಪಿ ತೆಗೆದು ಡಬ್ಬಿಗೆ ಕಿವಿಯಿಟ್ಟು
ಕಣ್ಣು ಮುಚ್ಚಿ ಕೂತಿದ್ದಾನೆ, ಬೆರಳೆತ್ತಿ.
ತಡಿ, ಅನ್ನುತ್ತಾನೆ.
ತಡಿ.
ಹಾಂ. ಇನ್ನೊಂಚೂರು ಏರ್ಸು.